ಮೂವತ್ತು-ನಲವತ್ತರ ಸೈಟಿಗೆ ಯಾವ ಕೋಳಿ?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯ ಕಡೆಯವರು ಇತ್ತೀಚೆಗೆ ಕೇಳುವ ಪ್ರಶ್ನೆ ಒಂದೇ. ಹಿತ್ತಲಲ್ಲಿ ನಾಲ್ಕು ಮೊಟ್ಟೆಕೋಳಿ ಸಾಕೋಣ ಅಂತಿದ್ದೇವೆ, ಯಾವ ತಳಿ ತರುವುದು? ಕೇಳುವವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ವರ್ಷಕ್ಕೆ ನಾಟಿ ಕೋಳಿ 60 ಮೊಟ್ಟೆ, ಕಡಕನಾಥ್ 100, ಗಿರಿರಾಜ 140, ಸ್ವರ್ಣಧಾರ 180, ಬಿ.ವಿ. 380 ಆದರೆ 300ರ ಮೇಲೆ. ಪಟ್ಟಿಯನ್ನು ಕೆಳಗಿನವರೆಗೆ ಓದಿ, ದೊಡ್ಡ ಅಂಕಿಯ ಮೇಲೆ ಬೆರಳಿಟ್ಟು, ಇದೇ ಆಗಬಹುದಲ್ಲವೇ ಅನ್ನುತ್ತಾರೆ.

ಅಂಕಿಗಳೇನೋ ಹೆಚ್ಚುಕಡಿಮೆ ಸರಿಯಾಗಿಯೇ ಇವೆ. ಆದರೆ ಒಂದೊಂದು ಅಂಕಿಯ ಹಿಂದೆಯೂ ಒಂದೊಂದು ಮನೆ ಇದೆ. ಈ ಕೋಳಿಗೆ ಮೇವು ಹಾಕುವವರು ಯಾರು, ರಾತ್ರಿ ಅದು ಎಲ್ಲಿ ಮಲಗುತ್ತದೆ, ಅದರ ಮರಿ ಯಾರಿಗೆ ಬೇಕು ಅನ್ನುವುದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಆ ತಳಿ ಬೆಳೆದಿದೆ, ಅಥವಾ ಯಾರೋ ಕೂತು ಬೆಳೆಸಿದ್ದಾರೆ. ಹಳ್ಳಿಯ ಮನೆಗೆಂದು ಬೆಳೆದ ಕೋಳಿ ಇದೆ, ಸಾವಿರಾರು ಪಂಜರಗಳ ಶೆಡ್ಡಿಗೆಂದು ಮಾಡಿದ ಕೋಳಿ ಇದೆ. ಮೂವತ್ತು-ನಲವತ್ತು ಅಡಿ ಸೈಟಿನಲ್ಲಿ ಮನೆ, ಸಂಪು, ಕಾರು ಎಲ್ಲ ಆದ ಮೇಲೆ ಉಳಿಯುವ ಆ ಹಿಂಭಾಗದ ಜಾಗಕ್ಕೆಂದು ಮಾತ್ರ ಯಾರೂ ತಳಿ ಮಾಡಿಲ್ಲ. ಹಾಗಾಗಿ ನಾವು ಬೇರೆಯವರ ಮನೆಯ ಕೋಳಿಯನ್ನು ಕಡ ತರಬೇಕು. ಯಾರ ಮನೆಯದು ನಮ್ಮದಕ್ಕೆ ಹತ್ತಿರ, ನೋಡೋಣ.

ಮೊದಲು ನಾಟಿ. ಈ ಬಡಾವಣೆಗಳಿಗೆ ನಾಟಿ ಕೋಳಿ ಹೊಸ ನೆಂಟನೇನಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬೀಳುವ ಹೊತ್ತಿಗೆ ಯಡಿಯೂರು, ಸಾರಕ್ಕಿ, ಭೈರಸಂದ್ರ, ತಾವರೆಕೆರೆ, ಮಡಿವಾಳ, ಕತ್ತರಿಗುಪ್ಪೆ ಎಲ್ಲ ಬಣವೆ, ತಿಪ್ಪೆ, ರಾಗಿ ಕಣ ಇದ್ದ ಊರುಗಳು. ಅವುಗಳ ಹಳೇ ಬೀದಿಗಳಲ್ಲಿ, ಗ್ರಾಮದೇವತೆ ಗುಡಿಯ ಹಿಂದುಗಡೆ, ಈಗಲೂ ಹೇಂಟೆಯೊಂದು ಪಿಳ್ಳೆಗಳನ್ನು ಕಟ್ಟಿಕೊಂಡು ನಿಲ್ಲಿಸಿದ ಸ್ಕೂಟರುಗಳ ಅಡಿಯಲ್ಲಿ ಕೆದಕುವುದು ಕಾಣಿಸುತ್ತದೆ. ಬಡಾವಣೆ ಬಂದು ಊರನ್ನು ಸುತ್ತಿಕೊಂಡರೂ ಕೋಳಿ ಜಾಗ ಬಿಡಲಿಲ್ಲ.

ಆ ಹೇಂಟೆ ವರ್ಷಕ್ಕೆ ಐವತ್ತು ಅರವತ್ತೇ ಮೊಟ್ಟೆ ಇಡುತ್ತದೆ ಅಂತ ಪಟ್ಟಿ ಓದುವವರು ಮೂಗು ಮುರಿಯುತ್ತಾರೆ. ಅದರ ದಿನಚರಿಯನ್ನು ಸ್ವಲ್ಪ ಲೆಕ್ಕ ಹಾಕಿ. ಹನ್ನೆರಡರಿಂದ ಹದಿನೈದು ಮೊಟ್ಟೆ ಇಡುತ್ತದೆ, ಅದಕ್ಕೆ ಮೂರು ವಾರ. ಆಮೇಲೆ ಕಾವಿಗೆ ಕೂರುತ್ತದೆ, 21 ದಿನ. ಮರಿ ಒಡೆದ ಮೇಲೆ ಹದ್ದು, ಕಾಗೆ, ಬೆಕ್ಕುಗಳಿಂದ ಕಾಪಾಡುತ್ತ, ಕೆದಕಿ ತಿನ್ನುವುದನ್ನು ಕಲಿಸುತ್ತ ಎರಡು ಎರಡೂವರೆ ತಿಂಗಳು. ಅಲ್ಲಿಗೆ ನಾಲ್ಕು ತಿಂಗಳು ಹತ್ತಿರ ಬಂತು. ವರ್ಷಕ್ಕೆ ಇಂಥ ಮೂರು ಸುತ್ತು, ಹೆಚ್ಚೆಂದರೆ ನಾಲ್ಕು. ಉಳಿದ ಕಾಲವೆಲ್ಲ ಅದು ತಾಯಿಯ ಕೆಲಸ ಮಾಡುತ್ತಿರುತ್ತದೆ. ಆ ಕೆಲಸಕ್ಕೆ ನಾವು ಇನ್‌ಕ್ಯುಬೇಟರಿಗೂ ಬಲ್ಬಿಗೂ ಕರೆಂಟಿಗೂ ದುಡ್ಡು ಕೊಡಬೇಕಾಗುತ್ತದೆ. ಹಳ್ಳಿಯ ಹೆಂಗಸು ಕೊಡುವುದು ಬೆಳಗ್ಗೆ ಒಂದು ಹಿಡಿ ರಾಗಿ, ಸಂಜೆ ಒಂದು ಕುಕ್ಕೆಯ ಮರೆ. ಕೈಯಿಂದ ಕಾಸು ಬಿಚ್ಚದೆ ಮೊಟ್ಟೆ, ಮರಿ, ಹಬ್ಬಕ್ಕೊಂದು ಹುಂಜ ಎಲ್ಲ ಬರುವ ಆ ಮನೆಗೆ ಇದಕ್ಕಿಂತ ಒಳ್ಳೆಯ ಕೋಳಿ ಇಲ್ಲ.

ಆದರೆ ನಿಮ್ಮ ಮನೆಯಲ್ಲಿ ತಿಪ್ಪೆ ಇಲ್ಲ. ಮರಿಗಳು ನಿಮಗೆ ಬೇಕಾಗಿಲ್ಲ, ಬೇಕಾದರೂ ಅದರಲ್ಲಿ ಅರ್ಧ ಹುಂಜ. ನಾಟಿ ಹಗುರವಾದ ಹಕ್ಕಿ, ಆರಡಿ ಕಾಂಪೌಂಡನ್ನು ಲೀಲಾಜಾಲವಾಗಿ ಹಾರುತ್ತದೆ. ಪಕ್ಕದ ಮನೆಯವರ ಕುಂಡದಲ್ಲಿ ಕೊತ್ತಂಬರಿ ಕೆದಕಿ, ಕತ್ತಲಾದರೆ ಅವರ ಮಾವಿನ ಮರದಲ್ಲೇ ಕೂರುತ್ತದೆ. ಒಂದೇ ಒಂದು ನಾಟಿ ಹೇಂಟೆ ಇದ್ದರೆ ಬೇರೆ ಕೋಳಿಯ ಮೊಟ್ಟೆಗೆ ಕಾವು ಕೊಡಿಸಬಹುದು, ಅಷ್ಟರ ಮಟ್ಟಿಗೆ ಅದು ಉಪಯೋಗ. ಮೊಟ್ಟೆಗೋಸ್ಕರವೇ ಸಾಕುವುದಾದರೆ ಈ ಜಾಗಕ್ಕೆ ನಾನು ನಾಟಿ ಹೇಳುವುದಿಲ್ಲ.

ಪಟ್ಟಿಯ ಇನ್ನೊಂದು ತುದಿಗೆ ಬನ್ನಿ. ಸಾಕುಕೋಳಿಯ ಮೂಲ ಪುರುಷ ಕೆಂಪು ಕಾಡುಕೋಳಿ. ಕಾಡಿನಲ್ಲಿ ಅದು ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಅಲ್ಲಿಂದ ಮುನ್ನೂರಕ್ಕೆ ಬಂದದ್ದು ಹೇಗೆಂದರೆ, ಕಾವಿಗೆ ಕೂರುವ ಹೇಂಟೆಗಳನ್ನು ತಲೆಮಾರುಗಟ್ಟಲೆ ಹೊರಗಿಡುತ್ತ, ಬಿಡದೆ ಇಡುವವುಗಳಿಂದಲೇ ಮರಿ ಮಾಡಿಸುತ್ತ ಬಂದರು. ಇಟಲಿಯ ಲಿವೋರ್ನೋ ಬಂದರಿನ ಹೆಸರು ಹೊತ್ತ ವೈಟ್ ಲೆಗ್‌ಹಾರ್ನ್ ಈ ಹಾದಿಯಲ್ಲಿ ಎಲ್ಲಕ್ಕಿಂತ ದೂರ ಹೋದ ತಳಿ. ನಾವು ಅಂಗಡಿಯಲ್ಲಿ ಕೊಳ್ಳುವ ಬಿಳಿ ಮೊಟ್ಟೆಯೆಲ್ಲ ಅದರ ವಂಶದ್ದೇ. ಕಂದು ಮೊಟ್ಟೆಯ ಕಡೆಗೆ ಅಮೆರಿಕದ ರೋಡ್ ಐಲೆಂಡ್ ರೆಡ್. ಆಸ್ಟ್ರೇಲಿಯಾದವರು ಕರಿಯ ಬಣ್ಣದ ಆಸ್ಟ್ರಲಾರ್ಪ್ ಬೆಳೆಸಿದರು. 1922-23ರ ಒಂದು ಸ್ಪರ್ಧೆಯಲ್ಲಿ ಅದರ ಆರು ಹೇಂಟೆಗಳು 365 ದಿನಕ್ಕೆ 1857 ಮೊಟ್ಟೆ ಇಟ್ಟು ಲೋಕವನ್ನೇ ಬೆರಗುಗೊಳಿಸಿದವು. ಇವತ್ತಿನ ಫಾರಂ ಕೋಳಿಗೆ ಅದೇನೂ ಹೆಚ್ಚುಗಾರಿಕೆಯಲ್ಲ.

ಬಿ.ವಿ. 380 ನಮ್ಮಲ್ಲಿ ಸಿಗುವ ಕಂದು ಮೊಟ್ಟೆಯ ಫಾರಂ ಕೋಳಿ. ನೋಡಲು ಚಂದ, ಸ್ವಭಾವ ಸಾಧು, ಹೆಣ್ಣು ಮರಿಗಳನ್ನು ಹುಟ್ಟಿದ ದಿನವೇ ಬಣ್ಣದಿಂದ ಗುರುತಿಸಬಹುದು. ಇಷ್ಟೆಲ್ಲ ಗುಣ ಕಂಡು ನಗರದವರು ಬಲೆಗೆ ಬೀಳುವುದು ಇಲ್ಲೇ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣದಂಶ ಬೇಕು. ಚಿಪ್ಪು ಕಟ್ಟಲು ಇಪ್ಪತ್ತು ಗಂಟೆ ಹಿಡಿಯುತ್ತದೆ, ಹೆಚ್ಚಿನದು ರಾತ್ರಿಯ ಕೆಲಸ. ದಿನವೂ ಇಡುವ ಕೋಳಿಗೆ ದಿನವೂ ಎರಡು ಗ್ರಾಂ. ನೀವು ಹಾಕುವ ಮಿಕ್ಕ ಅನ್ನ, ಚಪಾತಿ, ಸಾರಿನ ತರಕಾರಿಯಲ್ಲಿ ಅದು ಎಲ್ಲಿಂದ ಬರಬೇಕು? ಕೋಳಿ ಇಡುವುದನ್ನು ನಿಲ್ಲಿಸುವುದಿಲ್ಲ, ಅದನ್ನು ಹಾಗೆ ಮಾಡಿಟ್ಟಿದ್ದಾರೆ. ತನ್ನ ಮೂಳೆಯಿಂದ ಸುಣ್ಣ ತೆಗೆದು ಚಿಪ್ಪಿಗೆ ಹಾಕುತ್ತದೆ. ಕೆಲವು ತಿಂಗಳಾದ ಮೇಲೆ ಚಿಪ್ಪು ಕಾಗದದಂತಾಗುತ್ತದೆ, ಕೋಳಿಯ ಕಾಲು ಸೋಲುತ್ತದೆ. ನಾಟಿಗೆ ಮೇವು ಕಡಿಮೆಯಾದರೆ ಅದು ಮೊಟ್ಟೆಯನ್ನೇ ಕಡಿಮೆ ಮಾಡುತ್ತದೆ, ತಾನು ಉಳಿಯುತ್ತದೆ. ಎರಡು ಕೋಳಿಗಳ ನಡುವೆ ನನಗೆ ಕಾಣುವ ದೊಡ್ಡ ಅಂತರ ಇದು, ಇನ್ನೂರನಲವತ್ತು ಮೊಟ್ಟೆಯ ಅಂತರಕ್ಕಿಂತ ದೊಡ್ಡದು.

ಬೆಳಕಿನ ಮಾತೂ ಇದೆ. ಆ ಮುನ್ನೂರರ ಲೆಕ್ಕ ಬಂದಿರುವುದು ದಿನಕ್ಕೆ ಹದಿನಾರು ಗಂಟೆ ಬೆಳಕು ಬೀಳುವ ಶೆಡ್ಡಿನಿಂದ. ನಮ್ಮ ಬೆಂಗಳೂರಿನ ಜೂನ್ ತಿಂಗಳ ಅತಿ ದೊಡ್ಡ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಹನ್ನೊಂದು ಚಿಲ್ಲರೆ. ಬಲ್ಬು ಹಾಕದೆ ಪುಸ್ತಕದ ಅಂಕಿ ಬರುವುದಿಲ್ಲ. ಹಾಕಬೇಕೇ ಅಂದರೆ, ಮನೆ ಬಳಕೆಗೆ ಸಾಕುವವರು ಹಾಕಬೇಡಿ ಅಂತಲೇ ನನ್ನ ಸಲಹೆ. ಗರಿ ಉದುರಿಸಿ ಒಂದೆರಡು ತಿಂಗಳು ಸುಮ್ಮನಿರಲಿ ಬಿಡಿ. ಇನ್ನು ಫಾರಂನಿಂದ ಬಂದ ಬಿ.ವಿ. ಕೋಳಿಯ ಕೊಕ್ಕಿನ ತುದಿಯನ್ನು, ಒಂದನ್ನೊಂದು ಕುಕ್ಕದಿರಲಿ ಅಂತ, ಮರಿಯಲ್ಲೇ ಕತ್ತರಿಸಿರುತ್ತಾರೆ. ಮೊಂಡು ಕೊಕ್ಕಿನಲ್ಲಿ ಹುಲ್ಲು ಕೀಳುವುದು, ಹುಳ ಹೆಕ್ಕುವುದು ಅದಕ್ಕೆ ಕಷ್ಟ. ಹಿತ್ತಲಿಗೆ ಬಿಟ್ಟರೂ ಅದು ಮೇವಿನ ತಟ್ಟೆಯ ಮುಂದೆಯೇ ಕಾಯುತ್ತದೆ. ಮೂಟೆಯಲ್ಲಿ ಬರುವ ಲೇಯರ್ ಮ್ಯಾಶ್ ತಪ್ಪದೆ ಹಾಕುತ್ತೇನೆ, ಕಪ್ಪೆಚಿಪ್ಪಿನ ಚೂರು ಬೇರೆ ತಟ್ಟೆಯಲ್ಲಿ ಇಡುತ್ತೇನೆ ಅನ್ನುವ ಶಿಸ್ತಿನವರು ಬೇಕಾದರೆ ಬಿ.ವಿ. ತನ್ನಿ.

ಈ ಎರಡು ತುದಿಗಳ ನಡುವೆ ನಮ್ಮ ಊರಿನದೇ ಒಂದು ಕಥೆ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಭಾಗ. ಅಲ್ಲಿನ ಕೋಳಿ ವಿಜ್ಞಾನ ವಿಭಾಗದವರು ಹಳ್ಳಿಯ ಹಿತ್ತಲಿಗೇ ಅಂತ ಒಂದು ಕೋಳಿ ಮಾಡಿ 1989ರಲ್ಲಿ ಬಿಡುಗಡೆ ಮಾಡಿದರು. ಅದೇ ಗಿರಿರಾಜ. ಬಣ್ಣಬಣ್ಣದ ಗರಿ, ಗಟ್ಟಿಮುಟ್ಟಾದ ಮೈ, ಸಿಕ್ಕಿದ್ದನ್ನು ತಿಂದು ಬೇಗ ತೂಕ ಬರುವ ಗುಣ, ವರ್ಷಕ್ಕೆ 130ರಿಂದ 150 ಮೊಟ್ಟೆ. ಕರ್ನಾಟಕದ ಹಳ್ಳಿಗಳಲ್ಲಿ ಗಿರಿರಾಜ ಅಂದರೆ ಗೊತ್ತಿಲ್ಲದವರು ಕಡಿಮೆ. ಸಂತೆಯಲ್ಲಿ ಬಣ್ಣದ ಕೋಳಿಗೆಲ್ಲ ಗಿರಿರಾಜ ಅನ್ನುವಷ್ಟು ಹೆಸರು ಅದಕ್ಕೆ. ಆದರೆ ಅದು ಮಾಂಸವನ್ನೂ ಮೊಟ್ಟೆಯನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟು ಮಾಡಿದ ಕೋಳಿ, ಮಾಂಸದ ಕಡೆಗೆ ಒಂದು ತೂಕ ಹೆಚ್ಚೇ. ಭಾರದ ಮೈಗೆ ದಿನದ ಮೇವಿನಲ್ಲಿ ದೊಡ್ಡ ಪಾಲು ಹೋಗುತ್ತದೆ. ಮೊಟ್ಟೆ ಮಾತ್ರ ತಿನ್ನುವ ಮನೆಯವರು ಆ ತೂಕವನ್ನು ಯಾಕೆ ಸಾಕಬೇಕು?

ಅದೇ ಹೆಬ್ಬಾಳದಿಂದ 2005ರಲ್ಲಿ ಸ್ವರ್ಣಧಾರ ಬಂತು. ಗಿರಿರಾಜನಿಗಿಂತ ಮೈ ಸ್ವಲ್ಪ ಹಗುರ, ಬೆಳೆದ ಹೇಂಟೆ ಮೂರು ಕೆ.ಜಿ. ಆಸುಪಾಸು. ಮೊಟ್ಟೆ 180ರಿಂದ 190. ಹಗುರವಾದ್ದರಿಂದ ನಾಯಿ ಬೆಕ್ಕು ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ ಅನ್ನುವುದನ್ನೂ ಅದರ ಗುಣವಾಗಿ ಹೇಳುತ್ತಾರೆ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯದು ಕಾವೇರಿ ಅನ್ನುವ ಕೋಳಿ, ಅದೂ ಹಿತ್ತಲಿಗೆಂದೇ ಮಾಡಿದ್ದು. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದಿಂದ ಬಂದವು ವನರಾಜ, ಗ್ರಾಮಪ್ರಿಯ. ವನರಾಜ ನಮ್ಮ ಗಿರಿರಾಜನ ದಾಯಾದಿ ಅನ್ನಬಹುದು. ದೊಡ್ಡ ಮೈ, ಬಿಟ್ಟು ಮೇಯಿಸಿದರೆ ನೂರು ನೂರಹತ್ತು ಮೊಟ್ಟೆ. ಗ್ರಾಮಪ್ರಿಯವನ್ನು ಮೊಟ್ಟೆಯನ್ನೇ ಗುರಿಯಾಗಿಟ್ಟು ಮಾಡಿದ್ದಾರೆ. ಆರು ತಿಂಗಳ ಹೇಂಟೆ ಎರಡು ಕೆ.ಜಿ.ಗಿಂತ ಕಡಿಮೆ, ಕಂದು ಮೊಟ್ಟೆ, ಬಿಟ್ಟು ಮೇಯಿಸಿದರೂ 160ರಿಂದ 180 ಇಡುತ್ತದೆ.

ನನ್ನನ್ನು ಕೇಳಿದರೆ ಈ ಭಾಗದ ಸಣ್ಣ ಹಿತ್ತಲಿಗೆ ಮೊದಲ ಆಯ್ಕೆ ಗ್ರಾಮಪ್ರಿಯ, ಅದು ಸಿಗದಿದ್ದರೆ ಸ್ವರ್ಣಧಾರ ಅಥವಾ ಕಾವೇರಿ. ಕಾರಣ ಇಷ್ಟೇ. ಇವು ಮುನ್ನೂರು ಮೊಟ್ಟೆಯ ಭಾರ ಹೊತ್ತಿಲ್ಲ, ಒಂದು ವಾರ ಮೇವು ಹೆಚ್ಚುಕಡಿಮೆಯಾದರೂ ತಡೆಯುತ್ತವೆ. ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಾಲ್ಕು ಹೇಂಟೆ ಇದ್ದರೆ ಸರಾಸರಿ ದಿನಕ್ಕೆ ಎರಡರ ಹತ್ತಿರ ಮೊಟ್ಟೆ ಅಂದುಕೊಳ್ಳಬಹುದು, ನಾಲ್ವರ ಮನೆಗೆ ಅದಕ್ಕಿಂತ ಹೆಚ್ಚು ಬೇಕೇ? ಇವೆಲ್ಲ ಬೇರೆ ಬೇರೆ ವಂಶಗಳನ್ನು ಕೂಡಿಸಿ ಮಾಡಿದ ಕೋಳಿಗಳು ಅನ್ನುವುದು ನೆನಪಿರಲಿ. ಅವುಗಳ ಮೊಟ್ಟೆಯಿಂದ ನೀವೇ ಮರಿ ಮಾಡಿಸಿದರೆ ತಾಯಿಯ ಗುಣ ಮರಿಗೆ ಹಾಗೇ ಇಳಿಯುವುದಿಲ್ಲ. ಪ್ರತಿ ಸಲವೂ ಮೂಲದಿಂದಲೇ ತರಬೇಕು. ಸ್ವರ್ಣಧಾರದ ಹೆಬ್ಬಾಳ, ಕಾವೇರಿಯ ಹೆಸರಘಟ್ಟ ಎರಡೂ ಊರಿನ ಉತ್ತರ ತುದಿ, ಬನಶಂಕರಿಯವರಿಗೆ ಅರ್ಧ ದಿನದ ಪ್ರಯಾಣ.

ಕಡಕನಾಥ್ ಬಗ್ಗೆ ಒಂದು ಮಾತು, ಅದರ ಮೋಹ ಬಹಳ ಜನಕ್ಕಿದೆ. ಮಧ್ಯಪ್ರದೇಶದ ಝಾಬುವಾದ ತಳಿ, 2018ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಗರಿ, ಚರ್ಮ, ಮಾಂಸ ಎಲ್ಲ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ಅಂತ ಯಾರಾದರೂ ತೋರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ಮೊಟ್ಟೆಗಾಗಿ ಅದನ್ನು ಸಾಕುವುದು ಲಾಭದ ಮಾತಲ್ಲ. ಅಸೀಲ್ ಇನ್ನೂ ದೂರದ ಮಾತು. ಕಾಳಗಕ್ಕೆಂದು ಬೆಳೆಸಿದ ಹಕ್ಕಿ ಅದು, ಮೊಟ್ಟೆ ನಾಟಿಗಿಂತ ಕಡಿಮೆ.

ಬಣ್ಣದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಚಿಪ್ಪಿನ ಬಣ್ಣ ತಳಿಯದು. ಬಿಳಿ ಕಿವಿಯ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತದೆ, ಕೆಂಪು ಕಿವಿಯ ರೋಡ್ ಐಲೆಂಡ್ ಕಂದು ಮೊಟ್ಟೆ ಇಡುತ್ತದೆ. ಒಳಗಿನ ಸತ್ವಕ್ಕೂ ಚಿಪ್ಪಿನ ಬಣ್ಣಕ್ಕೂ ಸಂಬಂಧವಿಲ್ಲ. ಹಳದಿಯ ಬಣ್ಣ ಮೇವಿನದು. ಮುಸುಕಿನ ಜೋಳ, ಹಸಿರು ಸೊಪ್ಪು ತಿಂದರೆ ಕಿತ್ತಳೆಗೆ ತಿರುಗುತ್ತದೆ, ಬರೀ ಅಕ್ಕಿ ನುಚ್ಚು ತಿಂದರೆ ಪೇಲವ. ಅಂಗಡಿಯಲ್ಲಿ ನಾಟಿ ಅಂತ ಹೆಚ್ಚು ಬೆಲೆಗೆ ಮಾರುವ ದಪ್ಪ ಕಂದು ಮೊಟ್ಟೆ ಎಷ್ಟೋ ಸಲ ಫಾರಂನ ಕಂದು ಕೋಳಿಯದು. ನಿಜವಾದ ನಾಟಿ ಮೊಟ್ಟೆ ಚಿಕ್ಕದು, ನಲವತ್ತು ಗ್ರಾಂ ಆಚೀಚೆ.

ಹುಂಜ ಬೇಡವೇ ಅಂತ ಕೇಳುತ್ತಾರೆ. ಬೇಡ. ಹೇಂಟೆ ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮರಿಯಾಗಲು ಮಾತ್ರ ಬೇಕು. ತನ್ನ ಹುಂಜ ಕೂಗಿದ್ದಕ್ಕೇ ಬೆಳಗಾಗುತ್ತದೆ ಅಂದುಕೊಂಡ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಬಡಾವಣೆಯಲ್ಲಿ ಅದು ಕೂಗುವುದು ಬೆಳಗಿನ ನಾಲ್ಕಕ್ಕೆ, ಐದಕ್ಕೆ ಪಕ್ಕದ ಮನೆಯವರು ನಿಮ್ಮ ಗೇಟಿನ ಮುಂದೆ ಇರುತ್ತಾರೆ. ಹುಂಜವಿಲ್ಲದ ಮೊಟ್ಟೆಯಲ್ಲಿ ಜೀವವಿಲ್ಲ, ಅದು ಎಂದೂ ಮರಿಯಾಗದು. ಗಾಂಧೀಜಿ 1942ರಲ್ಲಿ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಎತ್ತಿಕೊಂಡು, ಹಾಲು ಕುಡಿಯುವವರಿಗೆ ಇಂಥ ಮೊಟ್ಟೆಯ ಬಗ್ಗೆ ಆಕ್ಷೇಪ ಇರಬೇಕಾಗಿಲ್ಲ ಅಂತ ವಾದಿಸಿದ್ದರು. ಅದಕ್ಕೆ ಹದಿನೈದು ವರ್ಷ ಮೊದಲು, 1927ರಲ್ಲಿ, ಇದೇ ಬಿ.ಟಿ.ಎಂ. ಪಕ್ಕದ ಆಡುಗೋಡಿಯ ಡೈರಿ ಸಂಸ್ಥೆಗೆ ಬಂದು ಹಸು ಸಾಕುವುದನ್ನು ಕಲಿತು ಹೋಗಿದ್ದರು. ಜಯನಗರದ ಎಷ್ಟೋ ಮನೆಗಳಲ್ಲಿ ಗಾಂಧೀಜಿಯ ಈ ವಾದ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ ಅನ್ನುವುದೂ ನನಗೆ ಗೊತ್ತು. ಬಾಡಿಗೆ ಮನೆಯವರು ಕೋಳಿ ತರುವ ಮೊದಲು ಮನೆ ಮಾಲೀಕರನ್ನು ಕೇಳಿ. ಮೊಟ್ಟೆಯಿಟ್ಟ ಹೇಂಟೆ ಅದನ್ನು ಬೀದಿಗೆಲ್ಲ ಸಾರುತ್ತದೆ, ಗುಟ್ಟಾಗಿ ಸಾಕುವ ಪ್ರಾಣಿ ಅಲ್ಲ ಅದು.

ತರುವಾಗ ದಿನದ ಮರಿ ತರಬೇಡಿ. ಗ್ರಾಮಪ್ರಿಯ, ಸ್ವರ್ಣಧಾರ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೆ ಕೊಡುತ್ತಾರೆ, ಹತ್ತು ತಂದರೆ ಐದು ಹುಂಜ. ಲಸಿಕೆಯ ತೊಡಕು ಬೇರೆ. ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ ಲಸಿಕೆ, ಎರಡು ವಾರಕ್ಕೆ ಗಂಬೊರೊ ರೋಗದ್ದು, ನಾಲ್ಕು ವಾರಕ್ಕೆ ಮತ್ತೆ ಕೊಕ್ಕರೆ ರೋಗದ್ದು. ಇಂಗ್ಲಿಷಿನವರು ನ್ಯೂಕ್ಯಾಸಲ್ ಅನ್ನುವ, ನಮ್ಮ ದೇಶದಲ್ಲಿ 1927ರಲ್ಲಿ ರಾಣಿಖೇತದಲ್ಲಿ ಗುರುತಿಸಿದ ರೋಗ ಇದು. ಹೊಕ್ಕರೆ ಹಿಂಡನ್ನೇ ಗುಡಿಸಿಕೊಂಡು ಹೋಗುತ್ತದೆ. ಲಸಿಕೆಯ ಸೀಸೆಯಲ್ಲಿ ನೂರು, ಇನ್ನೂರು, ಸಾವಿರ ಕೋಳಿಗೆ ಆಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಕೋಳಿಯವರು ಏನು ಮಾಡಬೇಕು? ಈ ಲಸಿಕೆಗಳೆಲ್ಲ ಆದ, ಜುಟ್ಟು ನೋಡಿ ಹೆಣ್ಣೆಂದು ಹೇಳಬಹುದಾದ, ಎರಡು ತಿಂಗಳ ಮರಿಗಳನ್ನೇ ಕೊಳ್ಳಬೇಕು. ದುಡ್ಡು ಹೆಚ್ಚು ಕೊಟ್ಟರೂ ಅದೇ ಅಗ್ಗ. ಆ ವಯಸ್ಸಿನಲ್ಲಿ ಕೊಕ್ಕರೆ ರೋಗಕ್ಕೆ ಇನ್ನೊಂದು ಚುಚ್ಚುಮದ್ದು ಬಾಕಿ ಇರುತ್ತದೆ, ಆಗಿದೆಯೇ ಅಂತ ಮಾರುವವರನ್ನು ಕೇಳಿ.

ಗೂಡಿನಲ್ಲಿ ರಾತ್ರಿ ಮಲಗಲು ಒಂದೊಂದು ಕೋಳಿಗೆ ಎರಡು ಚದರ ಅಡಿ, ಹಗಲು ತಿರುಗಲು ಕಡೇಪಕ್ಷ ಹತ್ತು ಚದರ ಅಡಿ. ಬಲೆ ಮೇಲೂ ಇರಲಿ, ಕೆಳಗೂ ಇರಲಿ. ಮೇಲಿಂದ ಹದ್ದು, ನೆಲದಿಂದ ಮುಂಗುಸಿ ಹೆಗ್ಗಣ, ರಾತ್ರಿ ಹೆಂಚಿನ ಮೇಲಿಂದ ಪುನುಗಿನ ಬೆಕ್ಕು. ಪುನುಗಿನ ಬೆಕ್ಕು ಬೆಂಗಳೂರಿನಲ್ಲಿದೆಯೇ ಅನ್ನುವವರು ಹಳೇ ಮನೆಗಳ ಅಟ್ಟ ನೋಡಿಲ್ಲ. ಒಂದು ಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಿಕ್ಕೆ ಹಾಕುತ್ತದೆ. ನೆಲಕ್ಕೆ ಭತ್ತದ ಹೊಟ್ಟು ಹರಡಿ ಒಣಗಿದಂತೆ ಇಟ್ಟುಕೊಂಡರೆ ವಾಸನೆ ಇಲ್ಲ, ಗುಲಾಬಿಗೆ ಒಳ್ಳೆಯ ಗೊಬ್ಬರ. ಮಳೆಗಾಲದಲ್ಲಿ ಹೊಟ್ಟು ತೇವವಾದರೆ ಮಾತ್ರ ವಾಸನೆಯ ಜೊತೆಗೆ ರಕ್ತಭೇದಿಯೂ ಬರುತ್ತದೆ. ಒಂದೆರಡು ದಿನದಲ್ಲಿ ಒಂದಕ್ಕಿಂತ ಹೆಚ್ಚು ಕೋಳಿ ಸತ್ತರೆ ಚರಂಡಿಗೆ ಎಸೆಯದೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. 2018ರ ಜನವರಿಯಲ್ಲಿ ಇದೇ ಬೆಂಗಳೂರಿನ ದಾಸರಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು.

ಕೊನೆಯದಾಗಿ, ಯಾರೂ ಮೊದಲು ಕೇಳದ ಲೆಕ್ಕ. ಮೊಟ್ಟೆಕೋಳಿ ದಿನಕ್ಕೆ 110ರಿಂದ 120 ಗ್ರಾಂ ಮೇವು ತಿನ್ನುತ್ತದೆ, ನಾಲ್ಕಕ್ಕೆ ತಿಂಗಳಿಗೆ ಹದಿನಾಲ್ಕು ಕೆ.ಜಿ. ಹತ್ತಿರ. ಮೊದಲ ವರ್ಷದಷ್ಟು ಮೊಟ್ಟೆ ಎರಡನೇ ವರ್ಷ ಇಲ್ಲ, ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ, ಆಮೇಲೆ ಇನ್ನೂ ಇಳಿಯುತ್ತದೆ. ಫಾರಂನವರು ಒಂದೂವರೆ ವರ್ಷಕ್ಕೆ ಮಾರಿ ಹೊಸ ಹಿಂಡು ತರುತ್ತಾರೆ. ಹಳ್ಳಿಯವರು ಹಬ್ಬಕ್ಕೆ ಸಾರು ಮಾಡುತ್ತಾರೆ. ನೀವು? ಅಷ್ಟರಲ್ಲಿ ಮಕ್ಕಳು ಅದಕ್ಕೆ ಹೆಸರಿಟ್ಟಿರುತ್ತಾರೆ, ಅಜ್ಜಿ ಅದಕ್ಕೆ ಕೈಯಾರೆ ಅಕ್ಕಿ ಹಾಕುತ್ತಿರುತ್ತಾರೆ. ಚೆನ್ನಾಗಿ ನೋಡಿಕೊಂಡ ಹೇಂಟೆ ಆರೇಳು ವರ್ಷ ಬದುಕುತ್ತದೆ. ಸಾರು ಆಗುವ ಮನೆಯೋ, ಸಾಕುವ ಮನೆಯೋ ಅಂತ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಸಾಕುವುದೇ ಅಂತಾದರೆ ನಾಲ್ಕನ್ನೂ ಒಟ್ಟಿಗೆ ತರಬೇಡಿ. ಈ ವರ್ಷ ಎರಡು, ಎರಡು ವರ್ಷ ಬಿಟ್ಟು ಇನ್ನೆರಡು ತನ್ನಿ. ಹಳೆಯವು ಇಡುವುದು ಕಡಿಮೆಯಾದಾಗ ಹೊಸವು ಇಡುತ್ತಿರುತ್ತವೆ. ಹೊಸವನ್ನು ಒಂದೆರಡು ವಾರ ಬಲೆಯ ಆಚೆ ಬೇರೆಯಾಗಿಟ್ಟು ಆಮೇಲೆ ಕೂಡಿಸಿ, ಇಲ್ಲದಿದ್ದರೆ ಹಳೆಯವು ಕುಕ್ಕುತ್ತವೆ.